ಸ್ವೆಟರಿನ ಕೆಳಪಟ್ಟಿ ಕೊನೆಗೆ

ಪ್ರಶ್ನೆ: ಉಳಿದ ಉಣ್ಣೆ ನೋಡಿಕೊಂಡು ಸ್ವೆಟರಿನ ಕೆಳಪಟ್ಟಿಯನ್ನು ಕೊನೆಗೆ ಹೆಣೆಯಬಹುದೇ? (ಓದುಗರು, ಜೇವರ್ಗಿ)

ಉತ್ತರ: ಖಂಡಿತ. ಬೇರೆ ಬಣ್ಣದ ನುಣುಪಾದ ಹತ್ತಿ ದಾರದಲ್ಲಿ ಕ್ರೋಶಾ ಕಡ್ಡಿಯಿಂದ ಸರಪಳಿ ಹಾಕಿ. ಬೇಕಾದ ಕುಣಿಕೆಗಳಿಗಿಂತ 5–6 ಹೆಚ್ಚಿರಲಿ. ಮುಗಿಸಿದ ತುದಿಗೆ ಗುರುತಿಗೊಂದು ಗಂಟು. ಸರಪಳಿ ಮಗುಚಿದರೆ ಬೆನ್ನಲ್ಲಿ ಸಣ್ಣ ಉಬ್ಬುಗಳು ಕಾಣುತ್ತವೆ. ಒಂದೊಂದರೊಳಗೂ ಹೆಣಿಗೆ ಕಡ್ಡಿ ತೂರಿಸಿ ಉಣ್ಣೆ ಎಳೆದುಕೊಳ್ಳಿ, ಉಬ್ಬಿಗೊಂದು ಕುಣಿಕೆ. ಇಲ್ಲಿ ಅವಸರ ಬೇಡ. ದಾರವನ್ನೇ ಸೀಳಿ ಚುಚ್ಚಿದರೆ ಆಮೇಲೆ ಬಿಚ್ಚುವುದು ಕಷ್ಟ. ಮುಂದೆ ಎಂದಿನಂತೆ ಹೆಣೆಯಿರಿ.

ಪಟ್ಟಿಯ ಸರದಿ ಬಂದಾಗ ಗಂಟಿನ ತುದಿ ಬಿಡಿಸಿ ಮೆಲ್ಲಗೆ ಎಳೆಯಿರಿ. ಆಳಂದ, ಅಫಜಲಪುರದ ಕಡೆ ತೊಗರಿ ಚೀಲದ ಬಾಯಿಹೊಲಿಗೆ ಬಿಚ್ಚುವ ಹಾಗೆ ಸರಪಳಿ ಸರ್ರನೆ ಕಳಚುತ್ತದೆ. ಹೊರಬಂದ ಕುಣಿಕೆಗಳನ್ನು ಒಂದೊಂದಾಗಿ ಕಡ್ಡಿಗೇರಿಸಿ, ಕೆಳಮುಖವಾಗಿ ಹೆಣೆಯಿರಿ. ಸರಪಳಿಗೆ ಮಾತ್ರ ಉಣ್ಣೆ ಬಳಸಬೇಡಿ. ಅದರ ನಾರು ಕಚ್ಚಿಕೊಂಡು ಸಲೀಸಾಗಿ ಬಿಡುವುದಿಲ್ಲ.