ಗೂಡಿನಿಂದ ಹಾಳೆ: ರೇಷ್ಮೆಯ ಸೂಕ್ಷ್ಮ ಚಿತ್ತಾರ

ರೇಷ್ಮೆ ನಿಸರ್ಗವೇ ಹೊಸೆದ ಪಾಲಿಮರ್. ಮಡಕಶಿರದ ಸೀಮೆಯಲ್ಲಿ ಹಿಪ್ಪುನೇರಳೆ ಸೊಪ್ಪು ತಿಂದು ಹಣ್ಣಾದ ಹುಳು ಚಂದ್ರಿಕೆಯ ಮೇಲೆ ಕಟ್ಟುವ ಗೂಡಿನಲ್ಲಿ ಎರಡು ಪ್ರೋಟೀನುಗಳಿವೆ: ಒಳಗಿನ ಎಳೆ ಫೈಬ್ರೋಯಿನ್, ಅದಕ್ಕೆ ಮೆತ್ತಿದ ಅಂಟು ಸೆರಿಸಿನ್. ರಾಯದುರ್ಗ, ಮೊಳಕಾಲ್ಮೂರು ಕಡೆ ಸೀರೆಯಾಗುವ ಈ ಎಳೆಯನ್ನೇ ಕರಗಿಸಿ, ಕೂದಲಿಗಿಂತ ತೆಳುವಾದ, ಮೈಯೆಲ್ಲ ಸೂಕ್ಷ್ಮ ಗೆರೆಗಳಿರುವ ಹಾಳೆಯಾಗಿ ಎರಕ ಹೊಯ್ಯಬಹುದು.

ಮೊದಲು ಅಂಟು ಬಿಡಿಸಬೇಕು. ಸೋಪು, ಸೋಡಾ ಹಾಕಿ ನೂಲು ಕುದಿಸುವುದು ನೇಕಾರರ ಊರುಗಳಿಗೆ ಹೊಸದಲ್ಲ. ಪ್ರಯೋಗಾಲಯದಲ್ಲಿ ಕತ್ತರಿಸಿದ ಗೂಡನ್ನು ಸೋಡಿಯಂ ಕಾರ್ಬೊನೇಟ್ ಬೆರೆಸಿದ ನೀರಿನಲ್ಲಿ ಸುಮಾರು 30 ನಿಮಿಷ ಕುದಿಸುತ್ತಾರೆ. ಹೊತ್ತು ಮೀರಿದರೆ ಅಣುಗಳ ಸರಪಳಿ ತುಂಡಾಗಿ ಹಾಳೆ ಪುಟಪುಟನೆ ಮುರಿಯುತ್ತದೆ. ಉದ್ದನೆಯ ಎಳೆ ಇಲ್ಲಿ ಬೇಕಿಲ್ಲ. ಬಿಚ್ಚಾಣಿಕೆಗೆ ಬಾರದ ತೂತು ಗೂಡೂ ಸಲ್ಲುತ್ತದೆ. ಬೆಳೆಗಾರರ ಕಣ್ಣಿನಿಂದ ನೋಡಿದರೆ ಇದು ಸಣ್ಣ ಮಾತಲ್ಲ.

ಒಣಗಿದ ಎಳೆಯನ್ನು ಲಿಥಿಯಂ ಬ್ರೋಮೈಡ್‌ನ ಗಾಢ ದ್ರಾವಣದಲ್ಲಿ 60 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿಸಿ, ಎರಡು ದಿನ ನೀರು ಬದಲಿಸುತ್ತ ಡಯಾಲಿಸಿಸ್ ಮೂಲಕ ಲವಣ ತೆಗೆಯುತ್ತಾರೆ. ಕಾಂಪೋಸಿಟ್ ಹಾಳೆಗಾದರೆ ಈ ಹಂತದಲ್ಲೇ ಇನ್ನೊಂದು ವಸ್ತು ಸೇರಬೇಕು: ಬ್ಯಾಕ್ಟೀರಿಯಾ ತಡೆಯಲು ಬೆಳ್ಳಿಯ ನ್ಯಾನೊ ಕಣ, ವಿದ್ಯುತ್ ಹರಿಯಲು ಗ್ರ್ಯಾಫೀನ್. ಕಣಗಳು ಗಂಟುಗಟ್ಟಿದಲ್ಲಿಂದಲೇ ಬಿರುಕು ಶುರುವಾಗುವುದರಿಂದ ಇಡೀ ಕೆಲಸದಲ್ಲಿ ಅತಿ ನಾಜೂಕಿನದು ಈ ಬೆರಕೆಯೇ.

ಸಿಲಿಕಾನ್ ಬಿಲ್ಲೆಯ ಮೇಲೆ ಕೊರೆದ ಗೆರೆಗಳ ಪಡಿಯಚ್ಚನ್ನು ಸಿಲಿಕೋನ್ ರಬ್ಬರಿನಲ್ಲಿ ತೆಗೆದು, ಅದರ ಮೇಲೆ ದ್ರಾವಣ ಸುರಿದು ರಾತ್ರಿಯಿಡೀ ನಿಧಾನವಾಗಿ ಆರಲು ಬಿಡುತ್ತಾರೆ. ಮೈಕ್ರಾನ್‌ಗಿಂತ ಸಣ್ಣ ಗೆರೆಯೂ ಹಾಳೆಗೆ ಇಳಿಯುತ್ತದೆ. ಆಮೇಲೆ ನೀರಾವಿ ಅಥವಾ ಮೆಥನಾಲ್ ತಾಗಿಸಿದರೆ ಪ್ರೋಟೀನಿನ ಸರಪಳಿಗಳು ಒತ್ತೊತ್ತಾಗಿ ಜೋಡಿಕೊಂಡು ಹಾಳೆ ನೀರಿಗೆ ಜಗ್ಗದಂತಾಗುತ್ತದೆ. ಹಾಗೆ ಮಾಡದಿದ್ದರೆ ಕರಗುತ್ತದೆ, ಕರಗುವುದೂ ಉಪಯುಕ್ತವೇ. 2010ರಲ್ಲಿ ಅಮೆರಿಕದ ವಿಜ್ಞಾನಿಗಳು ತೀರ ತೆಳುವಾದ ಎಲೆಕ್ಟ್ರೋಡ್ ಬಲೆಯನ್ನು ರೇಷ್ಮೆ ಹಾಳೆಯ ಮೇಲಿಟ್ಟು ಬೆಕ್ಕಿನ ಮೆದುಳಿಗೆ ಹೊದಿಸಿದರು. ರೇಷ್ಮೆ ಕರಗಿದಂತೆ ಬಲೆ ಮೆದುಳಿನ ಏರಿಳಿತಕ್ಕೆ ಅಂಟಿಕೊಂಡಿತು.

ಪರೀಕ್ಷೆಗಳು ಹಲವು. ಪರಮಾಣು ಬಲ ಸೂಕ್ಷ್ಮದರ್ಶಕ ಗೆರೆಗಳ ಆಳ ಅಳೆಯುತ್ತದೆ. ಸಮನಾದ ಗೆರೆಗಳಿಗೆ ಲೇಸರ್ ಬಿಟ್ಟರೆ ಗೋಡೆಯ ಮೇಲೆ ಚುಕ್ಕಿಗಳ ಸಾಲು ಮೂಡುತ್ತದೆ. ಸಾಲು ಕಲಸಿಕೊಂಡರೆ ವಿನ್ಯಾಸ ಕೆಟ್ಟಿದೆ ಎಂದರ್ಥ. ಪ್ರೋಟೀನಿನ ಜೋಡಣೆಯನ್ನು ಅವಗೆಂಪು ಕಿರಣದಿಂದ ಓದುತ್ತಾರೆ, ಗಟ್ಟಿತನವನ್ನು ಹರಿಯುವವರೆಗೂ ಎಳೆದು ನೋಡುತ್ತಾರೆ. ದೇಹದೊಳಗೆ ಬಳಸುವ ಹಾಳೆಯನ್ನು ಕಿಣ್ವದ ದ್ರಾವಣದಲ್ಲಿ ಮುಳುಗಿಸಿ, ದಿನದಿನಕ್ಕೆ ಎಷ್ಟು ತೂಕ ಇಳಿಯಿತೆಂದು ಬರೆದಿಡುತ್ತಾರೆ.