ತೋಟದ ಅಂಗಿ, ಮದುವೆಮನೆಯ ಮುಜುಗರ

ಕಾಫಿ ಸೀಮೆಯಲ್ಲಿ ಗಂಡ ಹೆಂಡಿರ ನಡುವೆ ಜಗಳ ತರುವ ಅಂಗಿ ಸಾಮಾನ್ಯವಾಗಿ ಕರೆ ಹಿಡಿದದ್ದು. ಬಾಳೆಗೊನೆಯ ಕರೆ, ಅಡಿಕೆಯ ಚೊಗರು, ಬೋರ್ಡೋ ದ್ರಾವಣದ ನೀಲಿ ಚುಕ್ಕೆ ಯಾವ ಸೋಪಿಗೂ ಜಗ್ಗುವುದಿಲ್ಲ. ಫ್ರಾನ್ಸಿನ ದ್ರಾಕ್ಷಿ ತೋಟಗಳಿಂದ 1885ರ ಹೊತ್ತಿಗೆ ಬಳಕೆಗೆ ಬಂದ ಈ ದ್ರಾವಣ ಮೈಲುತುತ್ತ, ಸುಣ್ಣಗಳ ಮಿಶ್ರಣ. ಕಾಫಿಗೆ ಎಲೆತುಕ್ಕು, ಅಡಿಕೆಗೆ ಕೊಳೆರೋಗ ತಗಲದಿರಲೆಂದು ಇದನ್ನು ಹೊಡೆಯುವಾಗ ಗಾಳಿ ತಿರುಗಿದರೆ ಒಂದು ಪಾಲು ಹೊಡೆಯುವವರ ಮೈಮೇಲೆಯೇ. ಹೊಸ ಅಂಗಿ ತೊಟ್ಟು ಈ ಕೆಲಸಕ್ಕೆ ಇಳಿಯುವವರು ದಡ್ಡರು.

ಮಳೆಗಾಲದಲ್ಲಂತೂ ಮೂಡಿಗೆರೆ, ಕಳಸದ ಕಡೆ ಬಟ್ಟೆ ಒಣಗಿಸುವುದೇ ಸಾಹಸ. ಬಚ್ಚಲೊಲೆಯ ಮೇಲೆ ಒಣಗಿದ್ದಕ್ಕೆ ಹೊಗೆ ವಾಸನೆ, ಬೀರುವಿನಲ್ಲಿಟ್ಟದ್ದಕ್ಕೆ ಬೂಷ್ಟು. ಹೆಂಗಸರೂ ನೈಟಿಯ ಮೇಲೆ ಗಂಡನ ಹಳೇ ತುಂಬುತೋಳಿನ ಅಂಗಿ ಹಾಕಿಕೊಂಡೇ ತೋಟಕ್ಕೆ ಹೋಗುತ್ತಾರೆ. ಇಂಬಳ ಯಾರ ಅಂದಚೆಂದವನ್ನೂ ನೋಡುವುದಿಲ್ಲ.

ತೊಂದರೆ ಶುರುವಾಗುವುದು ಊರು ದಾಟಿದ ಮೇಲೆ. ಯಾರಿಗೆ ಎಷ್ಟು ಎಕರೆ ಎಂಬುದು ಸಂತೆಗೆಲ್ಲ ಗೊತ್ತಿರುವುದರಿಂದ ಅಲ್ಲಿ ಅಂಗಿ ಏನನ್ನೂ ಹೇಳಬೇಕಾಗಿಲ್ಲ. ಬೆಂಗಳೂರಿನ ಛತ್ರದಲ್ಲಿ ಆ ಗುರುತು ನಡೆಯದು. ಕಾಲರು ಸವೆದ ಅಂಗಿಯವನನ್ನು ಯಾರೂ ಏನೂ ಕೇಳುವುದಿಲ್ಲ, “ನೀನಾದ್ರೂ ನೋಡ್ಬಾರ್ದೇನೇ?” ಎಂಬ ಮಾತು ಬೀಳುವುದು ಹೆಂಡತಿಯ ಕಿವಿಗೆ. ತೊಟ್ಟವನೊಬ್ಬ, ಮರ್ಯಾದೆ ಹೋಗುವುದು ಇನ್ನೊಬ್ಬಳದು. ಗಂಡಸರು ಅಂಗಿ ಕಳಚಿ ಶಲ್ಯ ಹೊದ್ದು ಒಳಗೆ ಹೋಗುವ ಹೊರನಾಡಿನ ದೇವಸ್ಥಾನದಲ್ಲಿ ಮಾತ್ರ ಈ ಚಿಂತೆಯಿಲ್ಲ.

ಹಾಗಾಗಿ ಮನುಷ್ಯನನ್ನು ತಿದ್ದಲು ಹೊರಡುವುದಕ್ಕಿಂತ ಬಟ್ಟೆಗೆ ಗಡಿ ಹಾಕುವುದು ಸುಲಭ. ತೋಟದ ಬಟ್ಟೆ ಬಚ್ಚಲಮನೆಯ ಗೂಟದಲ್ಲೇ ಇರಲಿ, ಒಳಗೆ ಬರುವುದು ಬೇಡ. ಎಡವುವುದು ನಡುವಿನ ಓಡಾಟದಲ್ಲಿ: “ಗೊಬ್ಬರದಂಗಡಿಗೆ ತಾನೆ” ಎಂದು ಜೀಪು ಹತ್ತಿದವನು ಅಲ್ಲಿಂದ ಬ್ಯಾಂಕಿಗೆ, ಬ್ಯಾಂಕಿನಿಂದ ನೆಂಟರ ಮನೆಗೆ ಹೋಗಿಬಿಡುತ್ತಾನೆ. ಜೀಪಿನಲ್ಲೊಂದು ಜೊತೆ ಬಟ್ಟೆ ಇಟ್ಟಿದ್ದರೆ ಆಯಿತು. ಹೇಳದೆ ಕೇಳದೆ ಹಳೇ ಅಂಗಿಯನ್ನು ನೆಲ ಒರೆಸಲು ಹಾಕುವುದು ಮಾತ್ರ ಹೊಸ ಜಗಳಕ್ಕೆ ದಾರಿ.

ಹೇಳುವ ಬಗೆಯೂ ಮುಖ್ಯ. ದಂಪತಿಗಳ ಮಾತುಕತೆಯನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಅಮೆರಿಕದ ಮನೋವಿಜ್ಞಾನಿ ಜಾನ್ ಗಾಟ್‌ಮನ್, ಒಂದು ಸಂಗತಿಯ ಬಗ್ಗೆ ದೂರುವುದು ಬೇರೆ, ವ್ಯಕ್ತಿಯನ್ನೇ ಹಳಿಯುವುದು ಬೇರೆ ಎನ್ನುತ್ತಾರೆ. “ನಾಳೆ ನಾಮಕರಣಕ್ಕೆ ಬಿಳಿ ಅಂಗಿ ಹಾಕ್ಕೊಳ್ಳಿ” ಎಂದರೆ ಒಪ್ಪಿಕೊಳ್ಳುವವನೂ “ನಿಮಗೆ ನಾಚಿಕೆಯೇ ಇಲ್ಲ” ಎಂದರೆ ಹಟಕ್ಕೆ ಬೀಳುತ್ತಾನೆ. ಹೆಂಡತಿಯ ಉಡುಪಿನ ಬಗ್ಗೆ ಗಂಡ ಆಡುವ ಮಾತಿಗೂ ಇದೇ ಲೆಕ್ಕ.

ಒಂದು ಸಂದರ್ಭ ಮಾತ್ರ ಇವೆಲ್ಲಕ್ಕಿಂತ ಬೇರೆ. ಅಚ್ಚುಕಟ್ಟಾಗಿದ್ದವರು ಸ್ನಾನ, ಬಟ್ಟೆಯ ಗೊಡವೆಯನ್ನೇ ಬಿಟ್ಟು, ಊಟ ನಿದ್ದೆಯೂ ತಪ್ಪಿ ವಾರಗಟ್ಟಲೆ ಮಂಕಾಗಿದ್ದರೆ ಅದು ಖಿನ್ನತೆ ಇರಬಹುದು. ಫಸಲು ಕೈಕೊಟ್ಟು ಸಾಲ ಏರಿದ ವರ್ಷಗಳಲ್ಲಿ ಮನೆಯವರು ಇದನ್ನು ಸೋಮಾರಿತನವೆಂದು ತಳ್ಳಿಹಾಕದೆ ವೈದ್ಯರಿಗೆ ತೋರಿಸಬೇಕು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೂ ಮಾತನಾಡಬಹುದು, ಕರೆಗೆ ಶುಲ್ಕವಿಲ್ಲ.