ಹುಲ್ಲನ್ನು ಕರಗಿಸುವ ಕಿಣ್ವವೂ ಅದರ ಹರಳೂ

ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಪಟಿಕದ ಹರಳುಗಳ ನೆನಪಿರಬಹುದು. ಬಿಸಿನೀರಿನಲ್ಲಿ ಹಿಡಿದಷ್ಟು ಪಟಿಕವನ್ನು ಕರಗಿಸಿ, ನೂಲೊಂದನ್ನು ಇಳಿಬಿಟ್ಟು, ಪಾತ್ರೆಯನ್ನು ಅಲುಗದಂತೆ ಕಪಾಟಿನಲ್ಲಿಡುತ್ತಿದ್ದೆವು. ಆತುರದಿಂದ ಅಲುಗಿಸಿದವಳಿಗೆ ಪುಡಿಯಷ್ಟೇ ದೊರೆಯುತ್ತಿತ್ತು. "ಹೆಣ್ಣುಮಕ್ಕಳಿಗೆ ಈ ಕಲ್ಲಾಟದಿಂದೇನು ಪ್ರಯೋಜನ?" ಎಂದು ಪೋಷಕರೊಬ್ಬರು ಒಮ್ಮೆ ನನ್ನನ್ನು ಕೇಳಿದರು. ಆಗ ತಕ್ಕ ಉತ್ತರವು ನನಗೆ ತೋಚಲಿಲ್ಲ. ಈ ಲೇಖನವನ್ನು ಆ ಉತ್ತರವೆಂದೆಣಿಸಬಹುದು.

ಅಕ್ಕಿಯ ಪಿಷ್ಟವೂ ಹುಲ್ಲಿನ ಸೆಲ್ಯುಲೋಸೂ ಒಂದೇ ಗ್ಲೂಕೋಸ್ ಸಕ್ಕರೆಯ ಸರಪಣಿಗಳು. ಕೊಂಡಿ ಕೂಡಿರುವ ರೀತಿ ಮಾತ್ರ ಬೇರೆ. ಆ ಅಲ್ಪ ಭೇದದಿಂದಲೇ ಅನ್ನವು ನಮಗೆ ಜೀರ್ಣವಾಗುವದು, ಹುಲ್ಲು ಆಗದು. ಹಸುವಿಗೂ ಸ್ವಂತ ಸಾಮರ್ಥ್ಯವಿಲ್ಲ. ಅದರ ಮೊದಲ ಹೊಟ್ಟೆಯಲ್ಲಿ ವಾಸಿಸುವ ಬ್ಯಾಕ್ಟೀರಿಯ ಮೊದಲಾದ ಸೂಕ್ಷ್ಮಜೀವಿಗಳು ತಮ್ಮ ಕಿಣ್ವಗಳಿಂದ ಸರಪಣಿಯನ್ನು ತುಂಡರಿಸಿಕೊಡುವವು. ಕ್ಲಾಸ್ಟ್ರಿಡಿಯಂ ಥರ್ಮೋಸೆಲ್ಲಂ ಎಂಬ ಬ್ಯಾಕ್ಟೀರಿಯವು ಸುಮಾರು 60 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಸುಖವಾಗಿ ಬೆಳೆದು ಇದೇ ಕೆಲಸವನ್ನು ಮಾಡುವದು. ಹುಲ್ಲು ಕಡ್ಡಿಗಳಿಂದ ಸಕ್ಕರೆಯನ್ನೂ, ಸಕ್ಕರೆಯಿಂದ ಉರುವಲಿಗೆ ತಕ್ಕ ಮದ್ಯಸಾರವನ್ನೂ ಪಡೆಯಬೇಕೆನ್ನುವವರಿಗೆ ಇಂಥ ಕಿಣ್ವದ ಆಕಾರವು ತಿಳಿದಿರಬೇಕು.

ಆದರೆ ಕಿಣ್ವದ ಅಣುವು ಸಾಧಾರಣ ಸೂಕ್ಷ್ಮದರ್ಶಕಕ್ಕೆ ಕಾಣುವಂಥದಲ್ಲ. ಕ್ಷ-ಕಿರಣಗಳನ್ನು ಹಾಯಿಸಿದರೂ ಒಂದೇ ಅಣುವು ಚದುರಿಸುವ ಕಿರಣವು ಲೆಕ್ಕಕ್ಕೆ ಸಿಕ್ಕದು. ಕೋಟ್ಯನುಕೋಟಿ ಅಣುಗಳು ಕವಾಯತಿನ ಸಾಲಿನಂತೆ ನಿಂತರೆ, ಅಂದರೆ ಹರಳಾದರೆ, ಕಿರಣಗಳು ಚುಕ್ಕೆಗಳ ಚಿತ್ತಾರವನ್ನು ಮೂಡಿಸುವವು. ಅದರಿಂದ ಗಣಿತದ ಮೂಲಕ ಆಕಾರವನ್ನು ತಿಳಿಯಬಹುದು.

ಕಿಣ್ವದ ಹನಿಗೆ ಲವಣದ ದ್ರಾವಣವನ್ನು ಬೆರೆಸಿ, ಗಾಜಿನ ಬಿಲ್ಲೆಯಿಂದ ತಲೆಕೆಳಗಾಗಿ ತೂಗಬಿಟ್ಟು, ಕೆಳಗೆ ಹೆಚ್ಚು ಗಾಢವಾದ ದ್ರಾವಣವನ್ನಿಟ್ಟು ಗಾಳಿಯಾಡದಂತೆ ಮುಚ್ಚುವರು. ಹನಿಯ ನೀರು ಆವಿಯಾಗಿ ಮೆಲ್ಲಮೆಲ್ಲನೆ ಕೆಳಕ್ಕೆ ಸೇರುವದು. ನಿಧಾನವಾದರೆ ಹರಳು, ಬೇಗನಾದರೆ ಒಡೆದ ಹಾಲಿನಂಥ ಗಷ್ಟು. ಹುಳಿ, ಲವಣ, ಶಾಖಗಳನ್ನು ಬದಲಿಸಿ ನೂರಾರು ಹನಿಗಳನ್ನು ಪರೀಕ್ಷಿಸಬೇಕಾಗುವದು.

ಕಿಣ್ವವು ಹರಳಾಗಬಲ್ಲದೆಂಬದನ್ನೇ ಬಹುಕಾಲ ಯಾರೂ ನಂಬಲಿಲ್ಲ. ಬೇಟೆಯ ಅಪಘಾತದಲ್ಲಿ ಎಡಗೈಯನ್ನು ಕಳೆದುಕೊಂಡಿದ್ದ ಜೇಮ್ಸ್ ಸಮ್ನರ್ ಎಂಬವರು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ 9 ವರ್ಷ ದುಡಿದು, 1926ರಲ್ಲಿ ಒಂದು ಜಾತಿಯ ಅವರೆಯಿಂದ ಯೂರಿಯೇಸ್ ಕಿಣ್ವವನ್ನು ಹರಳಾಗಿಸಿದರು. ಆಗಲೂ ದೊಡ್ಡ ಪಂಡಿತರು ಒಪ್ಪಲಿಲ್ಲ. ನೊಬೆಲ್ ಬಹುಮಾನವು ಬಂದದ್ದು 1946ರಲ್ಲಿ.

ಇಂಥ ಹರಳಿನ ಸುಮಾರು ಅರ್ಧಭಾಗವು ನೀರೇ. ಒಣಗಿದರೆ ಸಾಲು ಕೆಡುವದು. ಪೆಪ್ಸಿನ್ ಹರಳನ್ನು ಹಸಿಯಾಗಿಯೇ ಇಟ್ಟು ಒಳ್ಳೆಯ ಚಿತ್ತಾರವನ್ನು ಪಡೆಯಬಹುದೆಂದು 1934ರಲ್ಲಿ ಕೇಂಬ್ರಿಜ್ಜಿನಲ್ಲಿ ತೋರಿಸಿದವರು ಬರ್ನಲ್ ಎಂಬವರೂ ಅವರ ಜೊತೆಗಾರ್ತಿ ಡಾರೊತಿ ಕ್ರೌಫುಟರೂ. ಈಕೆಯು ಹತ್ತು ವರ್ಷದ ಬಾಲೆಯಾಗಿದ್ದಾಗಲೇ ಹರಳುಗಳಿಗೆ ಮನಸೋತವಳು. ಶಾಲೆಯಲ್ಲಿ ಹುಡುಗರಿಗೆಂದೇ ಇದ್ದ ರಸಾಯನಶಾಸ್ತ್ರದ ತರಗತಿಗೆ ವಿಶೇಷ ಅನುಮತಿಯಿಂದ ಸೇರಿದವಳು. ಮದುವೆಯ ಬಳಿಕ ಡಾರೊತಿ ಹಾಡ್ಜ್‌ಕಿನ್ ಎಂಬ ಹೆಸರಿನಿಂದ 1964ರ ನೊಬೆಲ್ ಬಹುಮಾನವನ್ನು ಪಡೆದರು. ಆಕ್ಸ್‌ಫರ್ಡಿನಲ್ಲಿ ಆಕೆಯೊಡನೆ ಇನ್ಸುಲಿನ್ ಹರಳನ್ನು ಅಭ್ಯಾಸಮಾಡಿದ ಎಂ. ವಿಜಯನ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು, ಆ ವಿದ್ಯೆಯನ್ನು ನಮ್ಮ ನಾಡಿನಲ್ಲಿ ನೆಲೆಗೊಳಿಸಿದರು.

ಮೇಲೆ ಹೇಳಿದ ಥರ್ಮೋಸೆಲ್ಲಂನ ಒಂದು ಕಿಣ್ವದ ಆಕಾರವು ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯವರಿಂದ 1992ರಲ್ಲಿ ಪ್ರಕಟವಾಯಿತು. ಅದರ ಮೈಯಲ್ಲಿ ಒಂದು ಕಾಲುವೆಯಿದೆ. ಸೆಲ್ಯುಲೋಸಿನ ಸರಪಣಿಯು ಅದರಲ್ಲಿ ಕೂತುಕೊಳ್ಳುವದು, ಅಲ್ಲಿರುವ ಆಮ್ಲಭಾಗಗಳು ಕೊಂಡಿಯನ್ನು ಕಡಿಯುವವು.

ನಮ್ಮ ಕಪಾಟಿನಲ್ಲಿ ಈ ವರ್ಷವೂ ಆರು ಪಾತ್ರೆಗಳಿವೆ. ಶಾಲೆಯನ್ನು ನೋಡಬರುವವರು ದಯಮಾಡಿ ಅವನ್ನು ಮುಟ್ಟಬಾರದು.